ಒಕ್ಕಲು ಎಂಬ ಮಾತು

‘ಒಕ್ಕಲು’ ಎಂದರೆ ಮನೆ. ಆ ಮನೆಯಲ್ಲಿರುವ ಸಂಸಾರವೂ ಒಕ್ಕಲು, ಸಂಸಾರ ಒಂದೆಡೆ ನೆಲೆ ನಿಲ್ಲುವುದೂ ಒಕ್ಕಲು. ಇನ್ನೊಬ್ಬರ ಜಮೀನನ್ನು ಗೇಣಿಗೆ ಹಿಡಿದು ಗೇಯುವವನು ಒಕ್ಕಲು, ಬೇಸಾಯ ಒಕ್ಕಲುತನ, ಬೇಸಾಯಗಾರ ಒಕ್ಕಲಿಗ. ದೇವರೊಂದಕ್ಕೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆತನ ಆ ದೇವರ ಒಕ್ಕಲು. ಕಣದಲ್ಲಿ ತೆನೆ ತುಳಿಸಿ ಕಾಳು ಬಿಡಿಸುವ ಒಕ್ಕಣೆ ಕಿವಿಗೆ ಇದರ ನೆಂಟನಂತೆ ಕೇಳಿದರೂ ಅದು ‘ಒಕ್ಕು’ ಎಂಬ ಕ್ರಿಯಾಪದದಿಂದ ಬಂದದ್ದು. ಅದನ್ನು ಇಲ್ಲಿ ಬದಿಗಿಡಬಹುದು. ಹುಟ್ಟಿದೂರು ಬಿಟ್ಟು ಬಿಸಿಲು ಮಳೆ ಎರಡೂ ಜೋರಾಗಿರುವ ಪರನಾಡಿನಲ್ಲಿ ಬದುಕು ಕಟ್ಟಿಕೊಳ್ಳುವವರ ಪಾಡನ್ನು ಹೇಳಲು ಕನ್ನಡದಲ್ಲಿ ಇದಕ್ಕಿಂತ ತೂಕದ ಮಾತು ಸಿಗುವುದು ಕಷ್ಟ.

ತಮಿಳಿನ ‘ಒಕ್ಕಲ್’ ಬಂಧುಬಳಗವನ್ನು ಹೇಳುತ್ತದೆ. ಕೊಡಗಿನಲ್ಲಿ ‘ಒಕ್ಕ’ ಎಂದರೆ ಒಬ್ಬ ಮೂಲಪುರುಷನಿಂದ ಇಳಿದು ಬಂದ ಮನೆತನ. ತುಳುವರಿಗೆ ಗೃಹಪ್ರವೇಶವೇ ‘ಇಲ್ಲೊಕ್ಕೆಲ್’. ಮೂರು ನುಡಿಗಳಲ್ಲೂ ಗೋಡೆ ಸೂರಿಗಿಂತ ಅದರೊಳಗಿನ ಜನಕ್ಕೇ ಈ ಪದ ಹೆಚ್ಚು ಅಂಟಿಕೊಂಡಿದೆ. ಹಳೆಯ ಶಾಸನಗಳಲ್ಲಿ ಗಾಣಿಗರ ಸಂಘಕ್ಕೆ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಹೆಸರಿದೆ. ಆ ಸಂಘ ದೇವರ ನಂದಾದೀಪಕ್ಕೆ ಎಣ್ಣೆ ಬಿಟ್ಟದ್ದನ್ನು ಕಲ್ಲಿನಲ್ಲಿ ಬರೆಸುವಾಗ ಲೆಕ್ಕ ಹಿಡಿದದ್ದು ತಲೆಗಳನ್ನಲ್ಲ, ಒಲೆ ಉರಿಯುವ ಮನೆಗಳನ್ನು. ಕೊಡಗಿನ ಮುವತ್ತೊಕ್ಕಲು ಎಂಬ ಊರಿನ ಹೆಸರಿನಲ್ಲಿ ಅದೇ ಲೆಕ್ಕ ಇಂದಿಗೂ ಉಳಿದಿದೆ.

ಹೊಸ ಮನೆಗೆ ಕಾಲಿಡುವ ಶಾಸ್ತ್ರಕ್ಕೆ ‘ಮನೆ ಒಕ್ಕಲು’ ಎಂಬ ಹೆಸರು ಕರಾವಳಿ, ಮಲೆನಾಡುಗಳ ಬಾಯಲ್ಲಿ ಗಟ್ಟಿಯಾಗಿದೆ. ಆಮಂತ್ರಣ ಪತ್ರಿಕೆಯಲ್ಲಿ ‘ಗೃಹಪ್ರವೇಶ’ ಎಂದು ಅಚ್ಚಾದರೂ ಕರೆಯಲು ಬಂದವರು ‘ಒಕ್ಕಲಿಗೆ ಬನ್ನಿ’ ಎನ್ನುತ್ತಾರೆ. ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚಿ, ತುಂಬಿದ ಕೊಡ, ದೇವರ ಪಟ, ಅಕ್ಕಿ, ಬೇಳೆ, ಉಪ್ಪು, ಬೆಲ್ಲ ಒಳಗೆ ತಂದ ಮೇಲೆ ಹೊಸ ಪಾತ್ರೆಯಲ್ಲಿ ಹಾಲು ಕಾಯಲು ಇಡುತ್ತಾರೆ. ಬೇರೆ ದಿನವಾದರೆ ಹಾಲು ಮೇಲೆದ್ದ ಕೂಡಲೇ ಉರಿ ತಗ್ಗಿಸುವ ಕೈ ಅಂದು ಸುಮ್ಮನಿರುತ್ತದೆ. ಹಾಲು ಉಕ್ಕಿ ಪಾತ್ರೆಯ ಅಂಚು ದಾಟಿ ಒಲೆಯ ಮೇಲೆ ಸುರಿಯಬೇಕು, ಸುರಿದರೇ ಒಕ್ಕಲಾದಂತೆ. ಕ್ರಯಪತ್ರ, ಖಾತೆ, ಬೀಗದ ಕೈ ಎಲ್ಲವೂ ಅದಕ್ಕೆ ಮೊದಲೇ ಕೈಸೇರಿರಬಹುದು, ಆದರೂ ಒಲೆ ಹೊತ್ತದ ಮನೆಯಲ್ಲಿ ಯಾರೂ ಒಕ್ಕಲಿಲ್ಲ.

ಗೇಣಿಯ ಅರ್ಥದಲ್ಲಿ ಈ ಪದ ಬಹಳ ನೋವು ತಿಂದಿದೆ. ‘ಒಡೆಯ–ಒಕ್ಕಲು’ ಜೋಡಿಪದ, ಒಕ್ಕಲು ಎಂದೊಡನೆ ಎದುರಿಗೆ ಒಡೆಯನೊಬ್ಬ ನಿಂತಿರುತ್ತಾನೆ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತದ್ದು ಈ ಸಂಬಂಧದ ವಿರುದ್ಧ. 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ತಿದ್ದುಪಡಿ ಬಂದ ಮೇಲೆ ಫಾರಂ 7 ತುಂಬಿ ‘ಡಿಕ್ಲರೇಷನ್ ಹಾಕಿದ’ ಒಕ್ಕಲುಗಳು ಉಳುತ್ತಿದ್ದ ನೆಲದ ಒಡೆಯರಾದರು. ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದ ಮಾತ್ರ ಈಗಲೂ ಪತ್ರಿಕೆಗಳಲ್ಲಿ ದಿನನಿತ್ಯದ ಬಳಕೆಯಲ್ಲಿದೆ. ‘ಎಬ್ಬಿಸು’ ಎಂಬಲ್ಲಿ ಕೂತು ಉಣ್ಣುವವನನ್ನು ಎಲೆಯ ಮುಂದಿನಿಂದ ಏಳಿಸುವ ಕಟುತನವಿದೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳನ್ನು 2001–02ರ ಸುಮಾರಿಗೆ ಕೆಳಗೂರಿಗೂ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಸಾಗಿಸಿದಾಗ ಸರ್ಕಾರಿ ಕಾಗದದಲ್ಲಿದ್ದ ಪದ ‘ಪುನರ್ವಸತಿ’. ಜಮೀನು, ಮನೆ, ಹಣ ಕೊಟ್ಟು ನಡೆಸಿದ ಈ ಕೆಲಸವನ್ನು ದೇಶದಲ್ಲೇ ಮೇಲಾದ ಮಾದರಿಗಳಲ್ಲಿ ಸೇರಿಸುವುದುಂಟು. ಆದರೂ ಕಾಡೊಳಗಿನ ಗದ್ದೆ ಬಿಟ್ಟು ಬಂದವರು ಹೊಸ ನೆಲದಲ್ಲಿ ಒಕ್ಕಲಾಗಲು ಒಂದೆರಡು ಬೆಳೆ ಸಾಲದು.

ಇನ್ನೊಬ್ಬ ಒಡೆಯನೆಂದರೆ ದೇವರು. ಈ ಒಡೆತನದಲ್ಲಿ ಒಕ್ಕಲೆಬ್ಬಿಸುವ ಮಾತೇ ಇಲ್ಲ. ಕಡೂರು ಸೀಮೆಯಲ್ಲಿ ಬೀರೂರಿನ ಮೈಲಾರಲಿಂಗನಿಗೆ, ಅಂತರಘಟ್ಟೆಯ ದುರ್ಗಾಂಬೆಗೆ ನಡೆದುಕೊಳ್ಳುವ ಮನೆಗಳು ತಮ್ಮನ್ನು ಆ ದೇವರ ಒಕ್ಕಲೆಂದೇ ಹೇಳಿಕೊಳ್ಳುತ್ತವೆ. ಊರು ಬಿಟ್ಟು ಎರಡು ತಲೆಮಾರು ಕಳೆದರೂ, ಊರಲ್ಲಿ ತುಂಡು ಜಮೀನೂ ಉಳಿಯದಿದ್ದರೂ ಈ ಒಕ್ಕಲುತನ ಹೋಗುವುದಿಲ್ಲ. ಜಾತ್ರೆಗೆ ಬಾರದ ವರ್ಷ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪಿಟ್ಟರೆ ಬಾಕಿ ಬರೆದಿಟ್ಟಂತೆ.

ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಕಾಂತನಿಗೆ ಇಂಥ ಒಬ್ಬ ದೊಡ್ಡ ಒಕ್ಕಲಿದ್ದ, ಜೈಮಿನಿ ಭಾರತದ ಕವಿ ಲಕ್ಷ್ಮೀಶ. ಅವನು ಸುರಪುರ, ದೇವಪುರ ಎಂದು ಕರೆಯುವ ಊರು ಈ ದೇವನೂರೇ ಎಂಬುದು ಬಹುಮಂದಿ ವಿದ್ವಾಂಸರ ಮತ. 34 ಸಂಧಿಗಳ ಆ ಕಾವ್ಯವನ್ನು ಅವನು ತನ್ನದೆನ್ನದೆ ತನ್ನೂರ ದೇವರ ಹೆಸರಿನಲ್ಲೇ ನಡೆಸುತ್ತಾನೆ. ಕಥೆಯಾದರೋ ಯಜ್ಞದ ಕುದುರೆಯ ಹಿಂದೆ ನಾಡಿಂದ ನಾಡಿಗೆ ಅಲೆಯುವುದು. ಅದರೊಳಗೆ ಜನ ಹೆಚ್ಚು ಪ್ರೀತಿಸಿದ ಚಂದ್ರಹಾಸನ ಕಥೆ ಪರನಾಡಿಗೆ ಬಂದು ಒಕ್ಕಲಾದವನ ಕಥೆಯೇ. ಕೇರಳದ ಅರಸುಮಗುವನ್ನು ದಾದಿಯೊಬ್ಬಳು ಕುಂತಳ ನಗರಕ್ಕೆ ಎತ್ತಿಕೊಂಡು ಬರುತ್ತಾಳೆ. ಅವಳೂ ತೀರಿಕೊಂಡ ಮೇಲೆ ಆ ಮಗುವಿಗೆ ಯಾವ ಮನೆಯೂ ಇಲ್ಲ. ಬೀದಿಯ ಹೆಂಗಸರ ಕೈತುತ್ತು, ಆಮೇಲೆ ಮಾಂಡಲಿಕ ಕುಳಿಂದನ ಮನೆಯ ಸಾಕುತನ, ಕೊನೆಗೆ ಕುಂತಳದ ಸಿಂಹಾಸನ. ಅವನು ಆ ನಾಡಿನವನಾದದ್ದು ಪಟ್ಟ ಕಟ್ಟಿದ ದಿನವಲ್ಲ, ಯಾವಳೋ ತಾಯಿ ಕರೆದು ಅನ್ನ ಹಾಕಿದ ದಿನ.

19ನೇ ಶತಮಾನದಲ್ಲಿ ಕನ್ನಡ ನಾಡೇ ಹಲವರ ಪಾಲಿಗೆ ಬಿಸಿಲಿನ ಪರದೇಶವಾಯಿತು. ಯೂರೋಪಿನಿಂದ ಬಂದ ಮಿಷನರಿಗಳು ಊರವರ ನುಡಿ ಹಿಡಿಯಲು ಕೈಗೆತ್ತಿಕೊಂಡ ಪುಸ್ತಕಗಳಲ್ಲಿ ದೇವನೂರ ಕವಿಯ ಜೈಮಿನಿ ಮುಂದಿನ ಸಾಲಿನದು. ಹಳ್ಳಿಯ ಮಠಗಳಲ್ಲಿ ಹುಡುಗರು ಬಾಯಿಪಾಠ ಮಾಡುತ್ತಿದ್ದುದೂ ಅದನ್ನೇ. ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅದನ್ನು ತನ್ನ ಗ್ರಂಥಮಾಲೆಯಲ್ಲಿ ಅಚ್ಚು ಹಾಕಿಸಿದ. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ 1852ರಲ್ಲಿ ಬೆಂಗಳೂರಿನಿಂದ ಹೊರತಂದ. ಆರು ವರ್ಷಗಳ ನಂತರ ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿದವನೂ ಅವನೇ. 1853ರಲ್ಲಿ ಬಂದ ಜರ್ಮನ್ ಮಿಷನರಿ ಕಿಟೆಲ್‌ನ ನಿಘಂಟು 1894ರಲ್ಲಿ ಅಚ್ಚಾಯಿತು. ಇವರೆಲ್ಲ ಮತ ಹರಡಲು ಬಂದವರೆಂಬುದು ನಿಜ. ಆದರೆ ದಿನವೂ ಊರವರೊಡನೆ ಕೂತು ಅವರ ಒಂದೊಂದು ಮಾತನ್ನೂ ಕೇಳಿ ಬರೆದುಕೊಂಡವನು ಆ ನುಡಿಯ ಮಟ್ಟಿಗಾದರೂ ಒಕ್ಕಲಾಗಿಯೇ ಆಗುತ್ತಾನೆ. ಕಿಟೆಲ್‌ನ ಹೆಸರನ್ನು ಕನ್ನಡಿಗರು ಮನೆಯವನ ಹೆಸರಿನಂತೆ ಹೇಳುವುದು ಇದಕ್ಕಾಗಿಯೇ.

ಕಾಫಿ ಬೆಳೆಯಲು ಬಂದವರ ನೆಲೆ ಬೇರೆ ಬಗೆಯದು. 1840ರ ಸುಮಾರಿಗೆ ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಕ್ಯಾನನ್ ಎಂಬಾತ ತೋಟ ಹೂಡಿದ. 1856ರಲ್ಲಿ ಪಕ್ಕದ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ತನ್ನ ಅನುಭವಗಳನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟ. ಇವರು ಊರವರ ಬಾಯಲ್ಲಿ ‘ದೊರೆ’ಗಳು, ಹೆಂಡತಿಯರು ‘ದೊರೆಸಾನಿ’ಯರು, ಇರುವುದು ಬಂಗಲೆಯಲ್ಲಿ. ಬೆಳಗಿನ ಹಾಜರಿ, ರೈಟರ್, ಮೇಸ್ತ್ರಿ, ಆಳುಗಳ ಲೆಕ್ಕ, ಮಳೆಗಾಲದ ಚಳಿಜ್ವರ, ಕಾಲಿಗೆ ಹತ್ತುವ ಉಂಬಳ, ತಿಂಗಳುಗಟ್ಟಲೆ ಒಣಗದ ಬಟ್ಟೆ ಇವರ ದಿನಚರಿ. ಮೊದಮೊದಲು ಇವರಲ್ಲಿ ಅನೇಕರು ಕಾಡನ್ನು ಬೋಳು ಮಾಡಿ ಬಟಾಬಯಲಲ್ಲಿ ಗಿಡ ನೆಟ್ಟರು. 1860ರ ದಶಕದ ಒಣ ವರ್ಷಗಳಲ್ಲಿ ಕಾಂಡಕೊರಕ ಎದ್ದು ಅಂಥ ತೋಟಗಳನ್ನು ತಿಂದು ಹಾಕಿತು. ಊರವರು ಮರದ ನೆರಳಲ್ಲಿ ಬೆಳೆದ ಕಾಫಿ ಮಾತ್ರ ಉಳಿದುಕೊಂಡಿತು. ಅಲ್ಲಿಂದಾಚೆಗೆ ನೆರಳಿನ ಪಾಠ, ಮರಗಸಿಯ ಹದ ಕಲಿತದ್ದು ಎಲಿಯಟ್‌ನ ಬರಹದಲ್ಲಿ ಒಂದು ಅಧ್ಯಾಯವೇ ಆಗಿದೆ. ಅವನಿಗೆ ಸ್ಕಾಟ್ಲೆಂಡಿನಲ್ಲಿ ಕ್ಲಿಫ್ಟನ್ ಪಾರ್ಕ್ ಎಂಬ ಸ್ವಂತ ಜಹಗೀರಿತ್ತು. ಹುಲ್ಲುಗಾವಲಿನ ಬೇಸಾಯದಲ್ಲಿ ಅವನು ಹೆಸರು ಮಾಡಿದ್ದು ಅಲ್ಲಿ. ಇಲ್ಲಿ ದೊರೆ, ಅಲ್ಲಿ ಒಕ್ಕಲು. ಇತ್ತ ಕಾಫಿಯ ಬೆಟ್ಟಗಳಿಗೆ ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದ ಕೂಲಿಯಾಳುಗಳಿಗೆ ಸಿಕ್ಕಿದ್ದು ‘ಬಿಡಾರ’ ಎಂಬ ಮಾತು, ಎಂದರೆ ಸಮಯ ಬಂದಾಗ ಬಿಟ್ಟು ಹೊರಡುವ ತಾಣ. ದೊರೆಗೂ ಆಳಿಗೂ ನಡುವೆ ಇದ್ದದ್ದು ಸುತ್ತಲಿನ ಹಳ್ಳಿಗಳ ಒಕ್ಕಲುಗಳು. ಬಾಬಾಬುಡನ್‌ಗಿರಿ ಇರುವ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ದೊರೆಗಳು ಸಂಜೆ ಸೇರುತ್ತಿದ್ದ ‘ಕಡೂರ್ ಕ್ಲಬ್’ ಚಿಕ್ಕಮಗಳೂರಿನಲ್ಲಿ ಈಗಲೂ ಅದೇ ಹೆಸರಿನಲ್ಲಿದೆ.

ಇವರೆಲ್ಲರ ನಡುವೆ ಲೆಸ್ಲಿ ಕೋಲ್ಮನ್‌ನನ್ನು ಬೇರೆಯಾಗಿಯೇ ನೆನೆಯಬೇಕು. ಕೆನಡಾದ ಹಿಮದ ಸೀಮೆಯಿಂದ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಈ ವಿಜ್ಞಾನಿ ಮಳೆ ಹಿಡಿದಾಗ ಹೋದದ್ದು ಅಡಿಕೆ ತೋಟಗಳಿಗೆ. ಕೊಳೆರೋಗ ತಗುಲದಂತೆ ಬೆಳೆಗಾರರು ಗೊನೆಗೆ ‘ಕೊಟ್ಟೆ ಕಟ್ಟುತ್ತಿದ್ದ’ ಕಾಲ ಅದು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗೆ ತೊಳೆದುಹೋಗದಂತೆ ಗೊನೆಗೆ ಸಿಂಪಡಿಸುವ ಬಗೆಯನ್ನು ಅವನು ತೋಟದಲ್ಲೇ ನಿಂತು ರೂಢಿಗೆ ತಂದ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿದ್ದೂ ಅವನ ಕಾಲದಲ್ಲೇ. ತರೀಕೆರೆ, ಕೊಪ್ಪ, ಶೃಂಗೇರಿ ಕಡೆಯ ತೋಟಗಳಲ್ಲಿ ಇಂದಿಗೂ ಮುಂಗಾರಿಗೆ ಮೊದಲು ‘ಔಷಧಿ ಹೊಡೆಯುವವರು’ ಕಲಸುವುದು ಅದೇ ನೀಲಿ ದ್ರಾವಣ.

ಈಗ ಪ್ರಯಾಣದ ದಿಕ್ಕು ತಿರುಗಿದೆ. ಕಡೂರು, ತರೀಕೆರೆಗಳಲ್ಲೂ ಸಿಂಗಪುರದಲ್ಲಿ ಮಕ್ಕಳಿರುವ ಮನೆಗಳುಂಟು. ಅವರ ಬಗ್ಗೆ ಕೇಳಿದರೆ ಸಿಗುವ ಉತ್ತರ ‘ಅಲ್ಲೇ ಸೆಟ್ಲ್ ಆಗಿದಾರೆ’. ‘ಸೆಟ್ಲ್’ ಎಂಬುದರಲ್ಲಿ ನೌಕರಿ ಇದೆ, ಸಂಬಳ ಇದೆ, ಒಲೆಯ ಸುದ್ದಿ ಇಲ್ಲ. ಒಕ್ಕಲು ಎಂಬುದರ ಜಾಗವನ್ನು ಅದು ತುಂಬಲಾರದು. ಸಿಂಗಪುರದ ಬಹುಪಾಲು ಜನ ಇರುವುದು ಸರ್ಕಾರಿ ವಸತಿ ಮಂಡಳಿ ಕಟ್ಟಿದ ಎಚ್‌ಡಿಬಿ ಫ್ಲ್ಯಾಟುಗಳಲ್ಲಿ. ಕೊಂಡವರಿಗೂ ಅದು 99 ವರ್ಷದ ಗುತ್ತಿಗೆ, ಹೊರದೇಶದ ನೌಕರರಿಗೆ ಬಾಡಿಗೆಯಷ್ಟೆ. ಒಡೆಯ–ಒಕ್ಕಲು ಎಂಬ ಹಳೆಯ ಜೋಡಿ ಅಲ್ಲಿ ಹೊಸ ರೂಪದಲ್ಲಿ ಬದುಕಿದೆ. ಭೂಮಧ್ಯರೇಖೆಯ ಮಗ್ಗುಲ ಊರಾದ್ದರಿಂದ ವರ್ಷವಿಡೀ ಬೆಳಕು ಹರಿಯುವುದು ಏಳರ ಆಸುಪಾಸಿಗೆ. ಮುಂಗಾರು, ಹಿಂಗಾರು, ಮಾಗಿ ಎಂಬ ಲೆಕ್ಕ ಅಲ್ಲಿ ಸಾಗದು. ಬಯಲುಸೀಮೆಯಿಂದ ಹೋದವರಿಗೆ ಮೊದಲು ಗೊತ್ತಾಗುವುದು ಅಡುಗೆಮನೆಯಲ್ಲಿ: ಅವಲಕ್ಕಿ ಮೆತ್ತಗಾಗುತ್ತದೆ, ರಾಗಿಹಿಟ್ಟು ಮುಗ್ಗುತ್ತದೆ, ಹಪ್ಪಳ ಬಿಸಿಲಿಗಿಟ್ಟರೆ ಮಧ್ಯಾಹ್ನದ ಮಳೆ ಹಿಡಿಯುತ್ತದೆ. ಯುಗಾದಿಗೆ ಮಾವಿನೆಲೆ, ಬೇವಿನ ಸೊಪ್ಪು ಲಿಟ್ಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಿಂದ ಬರಬೇಕು.

ಬಾಡಿಗೆ ಮನೆಯಾದರೂ ಮೊದಲ ದಿನ ಹಾಲು ಉಕ್ಕಿಸುವುದನ್ನು ಬಿಟ್ಟವರು ಕಡಿಮೆ. ಹೋಮದ ಹೊಗೆಗೆ ಅಲ್ಲಿ ಅವಕಾಶ ಕಷ್ಟ, ಹಸು ಕರುವನ್ನು ಒಳಗೆ ಕರೆಯುವುದಂತೂ ಆಗದ ಮಾತು. ಹಾಲಿಗೆ ಮಾತ್ರ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಗಾಜಿನ ಒಲೆಯ ಮೇಲೆ ಸೀದು ಅಂಟಿದ ಕೆನೆಯನ್ನು ಆಮೇಲೆ ಕೆರೆದು ತೆಗೆದರಾಯಿತು. ಮುಡಿಪಿನ ಗಂಟೂ ಹಾಗೆಯೇ ದೇವರ ಗೂಡಿನಲ್ಲಿ ಕೂತಿರುತ್ತದೆ. ಅದರೊಳಗೆ ರೂಪಾಯಿಯ ಜೊತೆಗೆ ಸಿಂಗಪುರದ ಡಾಲರ್ ನಾಣ್ಯ ಸೇರಿದ್ದರೂ ಮೈಲಾರಲಿಂಗ ಬೇಡವೆನ್ನುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮದುವೆಯ ಮಾತು ಬಂದಾಗ ಎರಡೂ ಕಡೆಯ ಹಿರಿಯರು ಮೊದಲು ಕೇಳುವುದರಲ್ಲಿ ‘ಯಾವ ದೇವರ ಒಕ್ಕಲು?’ ಎಂಬುದೂ ಸೇರಿರುತ್ತದೆ. ಉತ್ತರ ಹೇಳಲು ಮಕ್ಕಳು ಅಪ್ಪ ಅಮ್ಮನ ಕಡೆ ತಿರುಗುತ್ತಾರೆ, ಅವರು ಬೀರೂರಿನ ಹೆಸರನ್ನೋ ಅಂತರಘಟ್ಟೆಯ ಹೆಸರನ್ನೋ ಹೇಳುತ್ತಾರೆ.