ಮೋಟಾರು ದೋಣಿಯೂ ದಡ ಸೇರುವ ವಿದ್ಯೆಯೂ

ನೆಲದ ಮೇಲೆ ಓಡುವ ವಾಹನಕ್ಕೂ ನೀರಿನ ಮೇಲೆ ಓಡುವ ವಾಹನಕ್ಕೂ ಮುಖ್ಯವಾದ ಭೇದವೊಂದುಂಟು. ಬಂಡಿಯ ಗಾಲಿಯನ್ನು ತಡೆದು ನಿಲ್ಲಿಸಬಹುದು. ದೋಣಿಗಾದರೋ ತಡೆಯತಕ್ಕ ಗಾಲಿಯೇ ಇಲ್ಲ. ಯಂತ್ರವು ನಿಂತ ಮೇಲೆಯೂ ಅದು ಹಿಂದಿನ ವೇಗದಿಂದ ಮುಂದಕ್ಕೆ ಜಾರುತ್ತಿರುವುದು. ಹಾಗೆ ಜಾರುವಾಗ ಗಾಳಿಯೂ ಪ್ರವಾಹವೂ ಅದನ್ನು ತಮಗೆ ತೋರಿದ ಕಡೆಗೆ ಎಳೆಯುವುವು. ಆದುದರಿಂದಲೇ ಸಣ್ಣ ಮೋಟಾರು ದೋಣಿಯ ಚರಿತ್ರೆಯಲ್ಲಿ ವಿಚಿತ್ರವಾದ ಸಂಗತಿಯೊಂದು ಕಾಣಬರುವುದು. ದೋಣಿಯನ್ನು ಓಡಿಸುವ ಉಪಾಯವು ಬೇಗನೆ ದೊರೆಯಿತು. ಅದನ್ನು ನಿಲ್ಲಿಸುವ ಉಪಾಯವು ಬಹುಕಾಲ ಹಿಂದೆ ಬಿದ್ದಿತ್ತು.

ಈ ಚರಿತ್ರೆಗೆ ಮೂಲವು ನೀರಿನೊಳಗೆ ತಿರುಗಿ ಹಡಗನ್ನು ನೂಕುವ ಪ್ರೊಪೆಲ್ಲರು. 1836ರಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್, ಜಾನ್ ಎರಿಕ್‌ಸನ್ ಎಂಬಿಬ್ಬರು ಬೇರೆ ಬೇರೆಯಾಗಿ ಇದಕ್ಕೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರಗಳನ್ನು ಪಡೆದರು. 1845ರಲ್ಲಿ ಬ್ರಿಟಿಷ್ ನೌಕಾಪಡೆಯು ಪ್ರೊಪೆಲ್ಲರುಳ್ಳ ರ‍್ಯಾಟ್ಲರ್ ಹಡಗನ್ನೂ ಪಕ್ಕದ ಚಕ್ರಗಳುಳ್ಳ ಅಲೆಕ್ಟೋ ಹಡಗನ್ನೂ ಬೆನ್ನಿಗೆ ಬೆನ್ನು ಕಟ್ಟಿ ಎಳೆಯಿಸಿತು. ರ‍್ಯಾಟ್ಲರ್ ತನ್ನ ಎದುರಾಳಿಯನ್ನು ಹಿಂದುಹಿಂದಕ್ಕೆ ಎಳೆದುಕೊಂಡು ಹೋಯಿತು. ಆದರೆ ಆ ಕಾಲದ ಯಂತ್ರಕ್ಕೆ ಉಗಿಯ ಕೊಪ್ಪರಿಗೆಯೂ ಕಲ್ಲಿದ್ದಲೂ ಬೇಕಾಗಿದ್ದುವು. ಸಣ್ಣ ದೋಣಿಗೆ ಅದು ಹೊರಲಾರದ ಹೊರೆ.

ಆ ಹೊರೆಯನ್ನು ಇಳಿಸಿದವರು ಜರ್ಮನಿಯ ಗಾಟ್ಲೀಬ್ ಡೈಮ್ಲರ್, ವಿಲ್ಹೆಲ್ಮ್ ಮೈಬಾಕ್ ಎಂಬವರು. 1886ರಲ್ಲಿ ಅವರು ತಮ್ಮ ಹಗುರವಾದ ಪೆಟ್ರೋಲು ಯಂತ್ರವನ್ನು ದೋಣಿಯಲ್ಲಿರಿಸಿ ನೆಕಾರ್ ನದಿಯಲ್ಲಿ ನಡೆಯಿಸಿದರು. ಪೆಟ್ರೋಲು ಸಿಡಿದೀತೆಂದು ಜನರು ಅಂಜಿದ್ದರಿಂದ, ದೋಣಿಯ ಸುತ್ತ ತಂತಿಗಳನ್ನೂ ಪಿಂಗಾಣಿಯ ಗುಂಡುಗಳನ್ನೂ ಕಟ್ಟಿ, ಇದು ವಿದ್ಯುತ್ತಿನಿಂದ ನಡೆಯುವುದೆಂಬ ಭ್ರಮೆಯನ್ನು ಡೈಮ್ಲರನು ಹುಟ್ಟಿಸಿದನೆಂದು ಹೇಳುವರು.

ತರುವಾಯ ಯಂತ್ರವು ಸಾಮಾನ್ಯರ ಕೈಗೂ ಬಂದಿತು. ದೋಣಿಯ ಹಿಂಬದಿಗೆ ತಗುಲಿಹಾಕುವ ಯಂತ್ರವನ್ನು ಅಮೆರಿಕದ ಕ್ಯಾಮರನ್ ವಾಟರ್‌ಮನ್ ಎಂಬಾತನು ಮೊದಲೇ ಮಾರುತ್ತಿದ್ದನು. ಅದಕ್ಕೆ ವಿಶೇಷವಾದ ಪ್ರಚಾರವನ್ನು ತಂದವನು ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್ನಿನಲ್ಲಿ ನೆಲಸಿದ ಓಲೆ ಎವಿನ್‌ರೂಡ್. ಒಂದು ಬೇಸಗೆಯ ದಿನ, ಸರೋವರದ ನಡುವಣ ದ್ವೀಪದಲ್ಲಿದ್ದ ತನ್ನ ಪ್ರಿಯತಮೆಗೆ ಐಸ್‌ಕ್ರೀಮು ತರಲೆಂದು ಹುಟ್ಟು ಹಾಕುತ್ತ ಹೋಗಿ, ಅವನು ಮರಳಿ ಬರುವಷ್ಟರಲ್ಲಿ ಅದು ಕರಗಿಹೋಯಿತೆಂದೂ, ಈ ಯಂತ್ರದ ಯೋಚನೆಯು ಆಗಲೇ ಹೊಳೆಯಿತೆಂದೂ ಪ್ರತೀತಿಯುಂಟು. 1909ರಲ್ಲಿ ಮಾರಾಟಕ್ಕೆ ಬಂದ ಅವನ ಯಂತ್ರದ ತೂಕ 62 ಪೌಂಡು, ಶಕ್ತಿ ಒಂದೂವರೆ ಅಶ್ವಬಲ.

ಇಲ್ಲಿಯೇ ಅಪಾಯವೂ ಮೊದಲಾಯಿತು. ದೋಣಿಯ ಒಡಲೊಳಗೆ ಯಂತ್ರವುಳ್ಳ ಲಾಂಚುಗಳಿಗೆ ಹಿಂದಕ್ಕೆ ನಡೆಯಿಸುವ ಗೇರು ಇದಕ್ಕೆ ಮುಂಚೆಯೇ ದೊರೆತಿದ್ದಿತು. ತಗುಲಿಹಾಕುವ ಆದಿಯ ಯಂತ್ರಗಳಲ್ಲಿಯಾದರೋ ಬಹುಮಟ್ಟಿಗೆ ಆ ಸೌಕರ್ಯವಿರಲಿಲ್ಲ. ಯಂತ್ರವು ಹೊತ್ತಿಕೊಂಡ ಕ್ಷಣವೇ ದೋಣಿಯು ಹೊರಡುತ್ತಿದ್ದಿತು; ನಿಲ್ಲಿಸಬೇಕಾದರೆ ಯಂತ್ರವನ್ನೇ ಆರಿಸಬೇಕು. ಎಷ್ಟು ದೂರದಲ್ಲಿ ಆರಿಸಿದರೆ ದೋಣಿಯು ಧಕ್ಕೆಯ ಬಳಿಗೆ ಮೆಲ್ಲನೆ ಜಾರಿಬಂದು ನಿಲ್ಲುವುದೆಂಬ ಅಂದಾಜೇ ನಡೆಯಿಸುವವನ ವಿದ್ಯೆಯೆಲ್ಲವೂ ಆಗಿದ್ದಿತು. 1949ರಲ್ಲಿ ಜಾನ್ಸನ್ ಸಂಸ್ಥೆಯು ಹತ್ತು ಅಶ್ವಬಲದ ಯಂತ್ರಕ್ಕೆ ಮುನ್ನಡೆ, ಬಿಡುವು, ಹಿನ್ನಡೆ ಎಂಬ ಮೂರು ನೆಲೆಗಳ ಗೇರನ್ನು ಕೂಡಿಸಿದ ಮೇಲೆ ಈ ಸೌಕರ್ಯವು ಕ್ರಮವಾಗಿ ಎಲ್ಲೆಡೆಯೂ ಹಬ್ಬಿತು. ಎವಿನ್‌ರೂಡನಿಂದ ಇಲ್ಲಿಗೆ ನಲವತ್ತು ವರ್ಷಗಳು.

ಗೇರು ಬಂದುದರಿಂದ ಹಳೆಯ ವಿದ್ಯೆಯು ಬೇಡವಾಯಿತೆಂದು ತಿಳಿಯಲಾಗದು. ಹಿಂದಕ್ಕೆ ತಿರುಗುವ ಪ್ರೊಪೆಲ್ಲರು ದೋಣಿಯನ್ನು ನೆಟ್ಟಗೆ ಹಿಂದೆಳೆಯದೆ ಅದರ ಹಿಂಬದಿಯನ್ನು ಒಂದು ಪಕ್ಕಕ್ಕೂ ಒಯ್ಯುವುದು. ಹಿಂದಿನಿಂದ ನೋಡಿದಾಗ ಬಲಸುತ್ತಾಗಿ ತಿರುಗಿ ಮುನ್ನಡೆಯಿಸುವ ಪ್ರೊಪೆಲ್ಲರು ಹಿನ್ನಡೆಯಲ್ಲಿ ಹಿಂಬದಿಯನ್ನು ಎಡಕ್ಕೆ ಸೆಳೆಯುವುದು. ಒಳಗಣ ಯಂತ್ರದ ದೋಣಿಗಳಲ್ಲಿ ಈ ಸೆಳೆತವು ಹೆಚ್ಚು. ಇದನ್ನರಿತವನು ಎಡಮಗ್ಗುಲನ್ನು ಧಕ್ಕೆಗೆ ಕೊಟ್ಟು, ಓರೆಯಾಗಿ ಮೆಲ್ಲನೆ ಬಂದು, ಕೊನೆಯಲ್ಲಿ ಕ್ಷಣಮಾತ್ರ ಹಿನ್ನಡೆಯನ್ನು ಕೊಡುವನು. ದೋಣಿಯು ನಿಲ್ಲುವುದಲ್ಲದೆ ಹಿಂಬದಿಯೂ ತಾನಾಗಿ ಒಳಕ್ಕೆ ಬರುವುದು. ಅರಿಯದವನಿಗೆ ಇದೇ ಸೆಳೆತವು ವೈರಿ.

ಹೊಳೆಗೆ ಎದುರಾಗಿ ದಡ ಸೇರಬೇಕೆಂಬ ನಿಯಮವು ಇದಕ್ಕಿಂತಲೂ ಪುರಾತನವಾದುದು. ಕನ್ನಡನಾಡಿನ ಅಂಬಿಗನು ತುಂಬಿದ ಹೊಳೆಯನ್ನು ದಾಟುವಾಗ ಮೊದಲು ದಡದ ಮಗ್ಗುಲಲ್ಲಿ ಮೇಲಕ್ಕೆ ಸಾಗಿ, ಅನಂತರ ಓರೆಯಾಗಿ ಇಳಿಯುತ್ತ ಆಚೆಯ ಕಡವನ್ನು ಸೇರುವನು. ನೀರಿನ ಬಲವನ್ನು ಎದುರಿಸದೆ ಉಪಯೋಗಿಸಿಕೊಳ್ಳುವುದೇ ಅವನ ಮರ್ಮ. ಮೋಟಾರು ದೋಣಿಯವನಿಗೂ ಇದೇ ಪಾಠ. ಗಾಳಿ ಅಥವಾ ಪ್ರವಾಹ, ಇವೆರಡರಲ್ಲಿ ಪ್ರಬಲವಾದುದಕ್ಕೆ ಮುಖಕೊಟ್ಟು ಬಂದರೆ ಅದೇ ತಡೆಯಾಗುವುದು. ವೇಗವು ಕಡಮೆಯಾದರೂ ಚುಕ್ಕಾಣಿಗೆ ನೀರಿನ ಹಿಡಿತವು ತಪ್ಪದು. ಬೆನ್ನಿಗೆ ಪ್ರವಾಹವನ್ನಿಟ್ಟುಕೊಂಡು ಬಂದರೆ ದೋಣಿಯ ವೇಗಕ್ಕೆ ನೀರಿನ ವೇಗವೂ ಕೂಡುವುದು.

ಹಗ್ಗದ ಉಪಾಯವೂ ಹಾಗೆಯೇ. ದೋಣಿಯ ಮುಂಬದಿಯಿಂದ ಹಿಂದಕ್ಕೆ ಓರೆಯಾಗಿ ಧಕ್ಕೆಯ ಗೂಟಕ್ಕೆ ಹಗ್ಗವನ್ನು ಬಿಗಿದು, ಚುಕ್ಕಾಣಿಯನ್ನು ಧಕ್ಕೆಯಿಂದ ಹೊರಕ್ಕೆ ತಿರುಗಿಸಿ ಯಂತ್ರವನ್ನು ಅತಿ ನಿಧಾನವಾಗಿ ಮುನ್ನಡೆಯಿಸಿದರೆ ಹಿಂಬದಿಯು ಒಳಕ್ಕೆ ಒತ್ತಿಕೊಳ್ಳುವುದು. ಚುಕ್ಕಾಣಿಯನ್ನು ಧಕ್ಕೆಯ ಕಡೆಗೆ ತಿರುಗಿಸಿದರೆ ಅದೇ ಹಿಂಬದಿಯು ಹೊರಕ್ಕೆ ಬಿಚ್ಚಿಕೊಳ್ಳುವುದು. ಕೈಕಾಲುಗಳಿಂದ ತಡೆಯಹೋದವರ ಎಲುಬು ಮುರಿಯುವ ಸ್ಥಳದಲ್ಲಿ ಒಂದು ಹಗ್ಗವು ಸಾಕಾಗುವುದು.

ಇನ್ನೊಂದು ಅಪಾಯಕ್ಕೆ ಮದ್ದು ಇನ್ನೂ ತಡವಾಗಿ ಬಂದಿತು. ನಡೆಯಿಸುವವನು ನೀರಿಗೆ ಬಿದ್ದರೆ, ಹಿಡಿತ ತಪ್ಪಿದ ದೋಣಿಯು ಸುತ್ತುಹಾಕಿ ಅವನ ಮೇಲೆಯೇ ಬರುವುದುಂಟು. ಪ್ರೊಪೆಲ್ಲರಿಗೆ ಯಜಮಾನನೆಂಬ ಗುರುತಿಲ್ಲ. ಅವನ ಮೈಗೆ ಸಿಕ್ಕಿಸಿದ ದಾರವು ಕಳಚಿದೊಡನೆಯೇ ಯಂತ್ರವನ್ನು ಆರಿಸುವ ಗುಂಡಿಯು ಇದಕ್ಕೆ ಪರಿಹಾರ. ಅಮೆರಿಕದಲ್ಲಿ 26 ಅಡಿಗಿಂತ ಕಿರಿದಾದ ಇಂತಹ ದೋಣಿಗಳು ವೇಗವಾಗಿ ಸಾಗುವಾಗ ಇದನ್ನು ತೊಡಬೇಕೆಂಬ ಕಟ್ಟಳೆಯು ಜಾರಿಗೆ ಬಂದುದು 2021ರ ಏಪ್ರಿಲ್ ತಿಂಗಳಲ್ಲಿ. ನೆಕಾರಿನ ದೋಣಿ ನಡೆದು ಆಗ್ಗೆ 135 ವರ್ಷಗಳಾಗಿದ್ದುವು.

ಶಕ್ತಿಯು ಸಂಪಾದನೆಯಾದೊಡನೆಯೇ ಸಂಯಮವೂ ಬರುವುದಿಲ್ಲವೆಂಬುದಕ್ಕೆ ಈ ಸಣ್ಣ ದೋಣಿಯ ಚರಿತ್ರೆಯೇ ಸಾಕ್ಷಿ. ಧಕ್ಕೆಗೆ ಎಷ್ಟು ವೇಗದಲ್ಲಿ ತಾಗಿದರೆ ಹಾನಿಯಾಗದೋ ಅದಕ್ಕಿಂತ ಹೆಚ್ಚು ವೇಗದಲ್ಲಿ ಅದರ ಬಳಿಗೆ ಬರಬಾರದೆಂಬುದು ದೋಣಿಯವರಲ್ಲಿ ರೂಢವಾದ ಮಾತು. ಹೊರಡುವುದು ಯಂತ್ರದ ಕೆಲಸ. ದಡ ಸೇರಿಸುವುದು ಮನುಷ್ಯನ ವಿವೇಕದ ಕೆಲಸ.