ಪುಣೆಯಲ್ಲೊಬ್ಬ ಕುಂದಗೋಳದ ಗುರು

ಡಿಸೆಂಬರ್ ಹತ್ತಿರ ಬಂತೆಂದರೆ ಪುಣೆಯ ಹಳೆಯ ಪೇಟೆಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಶಬ್ದ: 'ಸವಾಯಿ'. ಸವಾಯಿಗೆ ಹೋಗ್ತೀರಾ, ಪಾಸು ಸಿಕ್ತಾ, ಈ ಸಲ ಯಾರ್‍ಯಾರು ಹಾಡ್ತಾರೆ ಅಂತ. ಕೇಳುವವರೆಲ್ಲ ಅಪ್ಪಟ ಮರಾಠಿಗರು. ಸವಾಯಿ ಎನ್ನುವುದು ಹುಬ್ಬಳ್ಳಿ ಪಕ್ಕದ ಕುಂದಗೋಳದ ಒಬ್ಬ ಮನುಷ್ಯನ ಬಿರುದು ಎಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿರುತ್ತದೋ, ನಾ ಕಾಣೆ. ಆ ಮನುಷ್ಯನನ್ನು ಈ ಊರಿನ ಬಾಯಿಗೆ ಹಾಕಿದವರು ಗದಗಿನವರಾದ ಭೀಮಸೇನ ಜೋಶಿ. 2011ರ ಜನವರಿ 24ರಂದು ಅವರು ಇದೇ ಪುಣೆಯಲ್ಲಿ ತೀರಿಕೊಂಡರು. ಅವರ ಗಾಯನದ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನ್ನನ್ನು ಕಾಡುವುದು ಅವರ ಇನ್ನೊಂದು ಕೆಲಸ.

ಮೊದಲು ಗುರುವಿನ ಕತೆ. ರಾಮಚಂದ್ರ ಕುಂದಗೋಳಕರ ಹುಟ್ಟಿದ್ದು 1886ರಲ್ಲಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯ. ಮರಾಠಿ ಸಂಗೀತ ನಾಟಕದಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದರು. ಬಾಲಗಂಧರ್ವರ ಕಾಲ ಅದು. ಈತ ಇನ್ನೂ ಕಾಲು ಪಾಲು ಹೆಚ್ಚು ಎಂಬಂತೆ 'ಸವಾಯಿ ಗಂಧರ್ವ' ಎಂದು ಕರೆದರು. ಸವಾಯಿ ಅಂದರೆ ಒಂದೂಕಾಲು. ಗಡಿಯ ಲೆಕ್ಕ ಆಗ ಬೇರೆಯೇ ಇತ್ತು ನೋಡಿ. ಧಾರವಾಡ, ಗದಗ, ಪುಣೆ ಎಲ್ಲ ಮುಂಬೈ ಪ್ರಾಂತದವು. ಕುಂದಗೋಳವೋ ಜಮಖಂಡಿ ಸಂಸ್ಥಾನದ್ದು. ನಾವಿಂದು 'ಹೊರನಾಡು' ಅನ್ನುವ ಊರಿಗೆ ಅಂದಿನವರು ಬರೀ ರೈಲು ಹತ್ತಿ ಬಂದಿದ್ದರು, ನಾಡು ಬಿಟ್ಟು ಬಂದಿರಲಿಲ್ಲ. 1956ರಲ್ಲಿ ಗೆರೆ ಎಳೆದ ಮೇಲೆ ಅವರೆಲ್ಲ, ಕೂತಲ್ಲೇ, ಹೊರನಾಡಿಗರಾದರು.

1922ರಲ್ಲಿ ಹುಟ್ಟಿದ ಭೀಮಸೇನರು ಹನ್ನೊಂದರ ಪ್ರಾಯದಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ ಕತೆ ಎಲ್ಲರಿಗೂ ಗೊತ್ತು. ಗ್ವಾಲಿಯರ್, ಜಲಂಧರ್ ಅಂತ ಅಲೆದು ಅಲೆದು ಕಡೆಗೆ ಬಂದು ನಿಂತಿದ್ದು ಊರಿನ ಪಕ್ಕದ ಕುಂದಗೋಳದಲ್ಲಿ! 1936ರಿಂದ ಅಲ್ಲಿ ಶಿಷ್ಯವೃತ್ತಿ. ನೀರು ಹೊರುವುದರಿಂದ ಹಿಡಿದು ಗುರುವಿನ ಮನೆಯ ಚಾಕರಿಯೆಲ್ಲ ಮಾಡಿದರು. ಗುರುಗಳು ಮುಖ್ಯವಾಗಿ ಕಲಿಸಿದ್ದು ತೋಡಿ, ಮುಲ್ತಾನಿ, ಪೂರಿಯಾ. ಮೂರೇ ರಾಗ. ಅಷ್ಟನ್ನು ಅರೆದು ಕುಡಿಸಿದರೆ ಉಳಿದದ್ದು ತಾನಾಗಿ ಬರುತ್ತದೆ ಅನ್ನುವ ಲೆಕ್ಕ ಇರಬೇಕು. ಈಗಿನ ತರಗತಿಗಳಲ್ಲಿ ಮೂರು ತಿಂಗಳಿಗೆ ಮೂವತ್ತು ರಾಗ ಮುಗಿಸುತ್ತಾರೆ, ಅದಿರಲಿ.

1946ರ ಜನವರಿಯಲ್ಲಿ ಪುಣೆಯಲ್ಲಿ ಗುರುವಿನ ಷಷ್ಟ್ಯಬ್ದಿ. ಅಲ್ಲಿ ಹಾಡಿದ ಮೇಲೆ ಭೀಮಸೇನರ ಹೆಸರು ಎದ್ದಿತು. ಅಷ್ಟರಲ್ಲಿ ಗುರುಗಳಿಗೆ ಪಾರ್ಶ್ವವಾಯು ಬಡಿದಿತ್ತು, ಹಾಡಿಕೆ ನಿಂತುಹೋಗಿತ್ತು. 1952ರಲ್ಲಿ ಅವರು ಹೋದರು. ಮರುವರ್ಷವೇ, ಅಂದರೆ 1953ರಲ್ಲಿ, ಪುಣೆಯಲ್ಲಿ ಪುಣ್ಯತಿಥಿಯ ಸಂಗೀತ ಶುರುವಾಯಿತು. ಗುರುವಿನ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆ ಜೊತೆಗಿದ್ದರು. ಅದೇ ಇಂದಿನ ಸವಾಯಿ ಮಹೋತ್ಸವ.

ಒಂದು ವರ್ಷ ಪುಣ್ಯತಿಥಿ ಮಾಡುವುದು ದೊಡ್ಡ ಮಾತಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಮಾಡುವುದಿದೆಯಲ್ಲ, ಅದು ಬೇರೆ ಜಾತಿಯ ಕೆಲಸ. ಜಗತ್ತೆಲ್ಲ ಸುತ್ತಿ ಹಾಡುವ ಗವಾಯಿಯೊಬ್ಬ, ಪ್ರತಿ ಚಳಿಗಾಲ ಗುರುವಿನ ಹೆಸರಲ್ಲಿ ಕಲಾವಿದರನ್ನು ಕರೆಸಿ ಸಂಘಟಕನಾಗಿ ನಿಲ್ಲುವುದೆಂದರೆ ಸುಮ್ಮನೆ ಅಲ್ಲ. ಹೆಸರಿಲ್ಲದ ಎಳೆಯರಿಗೂ ಅಲ್ಲಿ ಜಾಗ ಸಿಕ್ಕಿತು. ಸವಾಯಿಯಲ್ಲಿ ಹಾಡಿದೆ ಅಂದರೆ ಮುಂದೆ ಬೇರೆ ಪರಿಚಯ ಬೇಕಿರಲಿಲ್ಲ. ಗಂಡಾ ಕಟ್ಟಿ ಕಲಿಸಿದರೆ ಮಾತ್ರ ಗುರು ಎಂದೇನಿಲ್ಲವಲ್ಲ. ಹಾಗೆ ಕಲಿಸಿದವರೂ ಇದ್ದಾರೆ: ಧಾರವಾಡದ ಮಾಧವ ಗುಡಿ, ಪುಣೆಯ ಆನಂದ ಭಾಟೆ. ಸವಾಯಿ ಗಂಧರ್ವರ ಮೊಮ್ಮಗ ಶ್ರೀಕಾಂತ ದೇಶಪಾಂಡೆಯವರಿಗೂ ಭೀಮಸೇನರದೇ ಪಾಠ. ಅಜ್ಜನಿಂದ ಪಡೆದದ್ದನ್ನು ಮೊಮ್ಮಗನಿಗೆ ಮುಟ್ಟಿಸಿದಂತಾಯಿತು.

ನಾನು ನೌಕರಿ ಅಂತ ಪುಣೆಗೆ ಬಂದವನು. ರಮಣಬಾಗ್ ಶಾಲೆಯ ಮೈದಾನದಲ್ಲಿ ಕಂಬಳಿ ಹೊದ್ದು, ನೆಲದ ಮೇಲೆ ಕೂತು ರಾತ್ರಿಯಿಡೀ ಕೇಳಿದ್ದೇನೆ. ಆಗಿನ್ನೂ ಹತ್ತು ಗಂಟೆಗೆ ಧ್ವನಿವರ್ಧಕ ಮುಚ್ಚಿಸುವ ಕಾಯ್ದೆ ಇರಲಿಲ್ಲ. ಒಮ್ಮೆ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಗೃಹಸ್ಥರೊಬ್ಬರು ಚಹಾ ಕೊಟ್ಟು, ಯಾವೂರು ಅಂತ ಮರಾಠಿಯಲ್ಲೇ ವಿಚಾರಿಸಿದರು. ಗದಗ ಕಡೆಯವನು ಅಂದೆ. 'ಹಾಗಾದರೆ ನೀವು ನಮ್ಮ ಅಣ್ಣಾನ ಊರಿನವರು' ಅಂದರು. ಪುಣೆಗೆ ಭೀಮಸೇನರು ಅಣ್ಣಾ. 'ನಮ್ಮ' ಅಂದದ್ದಕ್ಕೆ ಒಳಗೊಳಗೇ ಸ್ವಲ್ಪ ಚುರುಕ್ ಅಂದದ್ದು ನಿಜ. ನಮ್ಮವರನ್ನು ನಮಗೇ ಪರಿಚಯ ಮಾಡಿಕೊಡ್ತಾರಲ್ಲ ಇವರು! ಆಮೇಲೆ ಯೋಚಿಸಿದರೆ ಅವರದೂ ತಪ್ಪಲ್ಲ. ಇದೇ ಅಣ್ಣಾ ಅವರಿಗೆ ಸಂತವಾಣಿಯ ಅಭಂಗ ಹಾಡಿದವರು, ನಮಗೆ ದಾಸವಾಣಿಯ ಪದ ಹಾಡಿದವರು. ಪಂಢರಪುರದ ವಿಠಲನಿಗೆ ಎರಡು ಭಾಷೆ ಬರುವಾಗ ನಾವ್ಯಾಕೆ ಕಿತ್ತಾಡೋದು?

ಆದರೂ ಒಂದು ಮಾತು ಹೇಳಲೇಬೇಕು. ನಾವು ಹೊರನಾಡಿನವರು ನಮ್ಮ ಊರನ್ನು ನೆನೆಯುವುದು ಹೆಚ್ಚಾಗಿ ನಮ್ಮನಮ್ಮಲ್ಲೇ. ಸಂಘ ಕಟ್ಟುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಬಾಗಿಲು ಮುಚ್ಚಿಕೊಂಡು ಹೋಳಿಗೆ ತಿನ್ನುತ್ತೇವೆ. ಭೀಮಸೇನರು ಹಾಗೆ ಮಾಡಲಿಲ್ಲ. ತನ್ನ ಗುರುವನ್ನು ತಾನಿದ್ದ ಊರಿನ ಕೈಗೇ ಕೊಟ್ಟುಬಿಟ್ಟರು. ಅದಕ್ಕೇ ಆ ಊರು ಅವನನ್ನು ಬಿಡಲಿಲ್ಲ.

ಕಡೆಯ ದಿನ ಗುರುಬಂಧುಗಳೆಲ್ಲ ಹಾಡುತ್ತಿದ್ದ ಕಾಲವೊಂದಿತ್ತು: ಫಿರೋಜ್ ದಸ್ತೂರ್, ಹುಬ್ಬಳ್ಳಿಯಿಂದ ಬರುತ್ತಿದ್ದ ಗಂಗೂಬಾಯಿ ಹಾನಗಲ್, ಭೀಮಸೇನರು. ಒಬ್ಬರು ಪಾರ್ಸಿ, ಇಬ್ಬರು ಕನ್ನಡದವರು. ದಸ್ತೂರ್ 2008ರಲ್ಲಿ, ಗಂಗೂಬಾಯಿ 2009ರಲ್ಲಿ ಹೋದರು. ಭೀಮಸೇನರ ನಂತರ ಮಹೋತ್ಸವದ ಹೆಸರಿಗೆ ಅವರ ಹೆಸರೂ ಸೇರಿ 'ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ' ಆಯಿತು. ಸಮಾರೋಪಕ್ಕೆ ಹಾಡುವ ಸ್ಥಾನ ಪ್ರಭಾ ಅತ್ರೆಯವರದಾಯಿತು. ಅವರೂ 2024ರ ಜನವರಿಯಲ್ಲಿ ತೀರಿಕೊಂಡರು. ಮೈದಾನ ರಮಣಬಾಗಿನಿಂದ ಮುಕುಂದನಗರಕ್ಕೆ ಹೋಗಿದೆ. ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಭೈರವಿ ಠುಮರಿಯ ಹಳೆಯ ತಟ್ಟೆ ಹಾಕುವ ಪದ್ಧತಿ ಇದೆ. ಚರಪರ ಸದ್ದಿನ ನಡುವೆ ಆ ದನಿ ಬರುತ್ತದೆ. ಕಂಬಳಿ ಮಡಚುತ್ತಿದ್ದವರು ಕೈ ನಿಲ್ಲಿಸುತ್ತಾರೆ.