ಖುಂಟಿಯೂ ಕೀಲಿಯೂ

ಇಜೇರಿಯಲ್ಲಿರುವ ನಮ್ಮ ಬಂಧುಗಳ ಹುಡುಗ ಕಲಬುರಗಿಯಿಂದ ಹಳೆಯ ಗಿಟಾರ್ ಕೊಂಡು ತಂದಿದ್ದ. ತಂತಿ ಬಿಗಿದ ಗಳಿಗೆಯಲ್ಲೇ ಸ್ವರ ಇಳಿಯುತ್ತಿತ್ತು. "ಚಾಚಾ, ಯಾವ ಕೀಲಿ ಹಾಕಿಸಲಿ?" ಎಂದು ಕೇಳಿದ. ಕತೆ ಬರೆಯುವವರನ್ನು ಕೇಳುವ ಪ್ರಶ್ನೆಯೇ ಇದು! ಆದರೂ ನಮಗೆ ಮೀರಜಿನ ಶಿಕಲಗಾರರು ನೆನಪಾದರು.

ಶಿಕಲಗಾರರೆಂದರೆ ಕತ್ತಿಗೆ ಸಾಣೆ ಹಿಡಿಯುವವರು. ಇಂಗ್ಲಿಷರ ಆಳ್ವಿಕೆಯಲ್ಲಿ ಸಂಸ್ಥಾನಗಳ ಕತ್ತಿಗಳು ಒರೆಯೊಳಗೇ ಉಳಿದವು, ಸಾಣೆಯವರ ಹೊಟ್ಟೆಪಾಡಿಗೆ ಕುತ್ತು ಬಂತು. 19ನೆಯ ಶತಮಾನದ ನಡುವಿನಲ್ಲಿ, ಪಟವರ್ಧನ ದೊರೆಗಳ ಮೀರಜಿನಲ್ಲಿ, ಫರೀದಸಾಹೇಬ ಶಿಕಲಗಾರರು ವಾದ್ಯಗಳ ರಿಪೇರಿಗೆ ಕೈಹಾಕಿದರು. ಕ್ರಮೇಣ ಸಿತಾರ್, ತಂಬೂರಿಗಳನ್ನೇ ಮಾಡತೊಡಗಿದರು. ವಂಶಜರ ಅಡ್ಡಹೆಸರೇ 'ಸತಾರಮೇಕರ್' ಆಯಿತು. 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅದೇ ಊರಿನಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಕನ್ನಡ ನಾಡಿನ ಕಿರಾಣಾ ಗಾಯನದ ಹಿಂದೆ ಕತ್ತಿ ಬಿಟ್ಟ ಕೈಗಳ ಕೆಲಸವೂ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಮೀರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು 2024ರಲ್ಲಿ.

ತಂಬೂರಿಯ ಖುಂಟಿಯನ್ನು, ಅಂದರೆ ಬಿರಡೆಯನ್ನು, ಹಿಡಿದಿಡುವುದು ಬರೀ ಘರ್ಷಣೆ. ತುದಿಯತ್ತ ಸಣ್ಣಗಾಗುವ ಖುಂಟಿಗೆ ತಕ್ಕಂತೆ ರಂಧ್ರವನ್ನು ಕೊರೆಯಬೇಕು. ಬಿಗಿಯಾದರೆ ತಿರುಗದು, ಸಡಿಲಾದರೆ ಜಾರುತ್ತದೆ. ಮಳೆಗಾಲಕ್ಕೆ ಕಟ್ಟಿಗೆ ಉಬ್ಬುತ್ತದೆ, ನಮ್ಮ ಕಡೆಯ ಬೇಸಿಗೆಗೆ ಸೊರಗುತ್ತದೆ. ಆಗ ಒಂದಿಷ್ಟು ಸೀಮೆಸುಣ್ಣ ಸವರುತ್ತಾರೆ. ಸೂಕ್ಷ್ಮ ಶ್ರುತಿಗೆ ಕೆಳಗಿನ ಮಣಿ ಇದ್ದೇ ಇದೆ.

ಗಿಟಾರಿಗೂ ಮೊದಲು ಇದ್ದದ್ದು ಕಟ್ಟಿಗೆಯ ಖುಂಟಿಯೇ. ಅರಬರ ಊದ್ ವಾದ್ಯಕ್ಕೆ ಇಂದಿಗೂ ಅದೇ. ಆದರೆ ಉಕ್ಕಿನ ಆರು ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ. ಅದಕ್ಕೆ ಹಲ್ಲುಚಕ್ರದ ಕೀಲಿಯೇ ಬೇಕು. ತಿರುಪು ಚಕ್ರವನ್ನು ತಿರುಗಿಸುತ್ತದೆ, ಚಕ್ರ ತಿರುಪನ್ನು ತಿರುಗಿಸಲಾರದು. ಸ್ವರ ನಿಲ್ಲುವುದು ಇದರಿಂದಲೇ. 18:1 ಎಂದು ಬರೆದಿದ್ದರೆ ಕೀಲಿ ಹದಿನೆಂಟು ಸುತ್ತು ತಿರುಗಿದಾಗ ತಂತಿಯ ಗೂಟ ಒಂದು ಸುತ್ತು ತಿರುಗುತ್ತದೆ. 14:1ಕ್ಕಿಂತ ಇದು ನಯ. ನಮ್ಮ ಧೂಳಿಗೆ ಚಕ್ರ ಮುಚ್ಚಿದ ಕೀಲಿ ವಾಸಿ, ತೂಕ ತುಸು ಹೆಚ್ಚಾದರೂ.

ಹುಡುಗನಿಗೆ ಇಷ್ಟು ಹೇಳಿದೆವು. ಮೊದಲು ಹಳೆಯ ಸ್ಕ್ರೂ ಬಿಗಿದು, ತಂತಿಯನ್ನು ಸರಿಯಾಗಿ ಸುತ್ತಿ ನೋಡಿದೆವು. ಎರಡು ಕೀಲಿಗಳ ಹಲ್ಲು ಸವೆದೇ ಹೋಗಿತ್ತು. ರಂಧ್ರ ಅಳೆದು ತರಿಸು ಎಂದರೆ ಕೇಳಬೇಕಲ್ಲ! ಬಂದ ಹೊಸ ಕೀಲಿಗಳಿಗೆ 10 ಮಿ.ಮೀ. ರಂಧ್ರ ಬೇಕಿತ್ತು, ಗಿಟಾರಿನಲ್ಲಿದ್ದುದು ಅದಕ್ಕಿಂತ ಸಣ್ಣದು. ಕೊನೆಗೆ ಬಡಿಗರ ಮನೆಗೆ ಹೋದೆವು. ಅವರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಅವಸರವಿಲ್ಲದೆ, ಒಂದೊಂದೇ ರಂಧ್ರವನ್ನು ಹಿಗ್ಗಿಸಿಕೊಟ್ಟರು.